ಮಾತು ಕಲಿಸಿ, ಯೋಚನೆ ಬೆಳೆಸಿ



ಭತ್ತದ ಸಸಿಮಡಿಯನ್ನು ತಾವು ಎಷ್ಟು ಜೋಪಾನವಾಗಿ ನೋಡಿಕೊಳ್ಳುತ್ತೀರಿ! ಮಡಿಯಲ್ಲಿ ಸೊರಗಿದ ಸಸಿ ಗದ್ದೆಗೆ ಹೋದ ಮೇಲೆ ಚೇತರಿಸಿಕೊಳ್ಳುವುದು ಕಷ್ಟವೆಂಬುದನ್ನು ಸಕಲೇಶಪುರ, ಆಲೂರು ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ಬುದ್ಧಿಗೂ ಇಂಥದೇ ಒಂದು ಸಸಿಮಡಿಯ ಕಾಲವಿದೆ. ಹುಟ್ಟಿದಂದಿನಿಂದ ಆರು ವರ್ಷ ತುಂಬುವವರೆಗೆ ಮಿದುಳು ಬಹು ವೇಗವಾಗಿ ಬೆಳೆಯುತ್ತದೆ. ಇದನ್ನರಿತೇ 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆಯನ್ನು ಸರ್ಕಾರ ಆರಂಭಿಸಿತು. ಆದರೆ ಮಗು ಅಂಗನವಾಡಿಯಲ್ಲಿರುವುದು ದಿನದ ಕೆಲವು ಗಂಟೆ ಮಾತ್ರ. ಉಳಿದ ಹೊತ್ತು ಮನೆಯೇ ಪಾಠಶಾಲೆ, ತಂದೆತಾಯಿಗಳೇ ಉಪಾಧ್ಯಾಯರು.

ಮಾತು ಏಕೆ ಬೇಕು?

"ಮಾತನ್ನು ಮಗು ತಾನಾಗಿಯೇ ಕಲಿಯುತ್ತದೆ, ನಾವೇನು ಕಲಿಸುವುದು?" ಎಂದು ತಾವು ಕೇಳಬಹುದು. ನಿಜ, ಮಗು ಕೇಳಿ ಕೇಳಿ ಕಲಿಯುತ್ತದೆ. ಆದರೆ ಕಿವಿಗೆ ಬಿದ್ದಷ್ಟೇ ನಾಲಿಗೆಗೆ ಬರುತ್ತದೆ. ಮನೆಯಲ್ಲಿ "ಅದು ತಾ, ಇದು ಇಡು, ಸುಮ್ಮನಿರು" ಎಂಬ ಮೂರೇ ಮಾತುಗಳಿದ್ದರೆ ಮಗುವಿನ ಗಂಟಿನಲ್ಲಿಯೂ ಆ ಮೂರೇ ಇರುತ್ತವೆ.

ಇದು ಬರಿಯ ಓದಿನ ವಿಷಯವಲ್ಲ. ಮಗು ಹೊಟ್ಟೆ ಹಿಡಿದು ಅಳುತ್ತಿದೆಯೆಂದುಕೊಳ್ಳಿ. "ಔಷಧಿ ಹೊಡೆಯುವ ಡಬ್ಬದ ನೀರು ಕುಡಿದೆ" ಎಂದು ಹೇಳಬಲ್ಲ ಮಗುವಿಗೆ ವೈದ್ಯರು ಬೇಗ ಚಿಕಿತ್ಸೆ ಕೊಡಬಲ್ಲರು. ನಮ್ಮ ಸೀಮೆಯಲ್ಲಿ ಕಾಡಾನೆಗಳು ತೋಟಕ್ಕೆ ಇಳಿಯುತ್ತವೆ. "ಎರಡು ದೊಡ್ಡದು, ಒಂದು ಮರಿ, ಕೆರೆಯ ಕಡೆಯಿಂದ ಗದ್ದೆಗೆ ಹೋದವು" ಎಂದು ಹೇಳಬಲ್ಲ ಮಗು ಮನೆಯವರ ಪ್ರಾಣವನ್ನೇ ಉಳಿಸಬಹುದು. ಸರಿಯಾದ ಮಾತು ಸಮಯಕ್ಕೆ ಒದಗುವ ಆಸ್ತಿ.

ಮೊದಲನೆಯ ಪಾಠ: ಹೆಸರು ಹೇಳಿ ಮಾತಾಡಿ

ತಮ್ಮ ಹೊಲಮನೆಯಲ್ಲಿರುವಷ್ಟು ಮಾತುಗಳು ಒಂದನೇ ತರಗತಿಯ ಪುಸ್ತಕದಲ್ಲಿಯೂ ಇಲ್ಲ. "ಆ ಮರ" ಎನ್ನಬೇಡಿ. ಹಾಲುವಾಣ, ಅತ್ತಿ, ಹಲಸು ಎನ್ನಿ. ಎಲೆಯನ್ನು ಮುಟ್ಟಿಸಿ, ಒರಟು, ನುಣುಪು, ಜಿಗುಟು ಎಂದು ತಿಳಿಸಿ. ಗಾಳಿಗೆ ತೂರುವುದು ಬೇರೆ, ಮೊರದಲ್ಲಿ ಕೇರುವುದು ಬೇರೆ. ಎರಡನ್ನೂ ಮಾಡಿ ತೋರಿಸಿ. ಮಗು ತಪ್ಪು ಹೇಳಿದರೆ ನಗಬೇಡಿ, ಗದರಬೇಡಿ. ಅದೇ ಮಾತನ್ನು ತಾವು ಸರಿಯಾಗಿ ಹೇಳಿದರೆ ಸಾಕು.

ಮನೆಯಲ್ಲಿ ತುಳು, ತಮಿಳು, ಉರ್ದು, ಯಾವುದನ್ನೇ ಆಡುವವರಿರಲಿ, ಆ ಮಾತಿನಲ್ಲಿಯೇ ಮಗುವಿನೊಡನೆ ಧಾರಾಳವಾಗಿ ಮಾತಾಡಿ. ಲೈನ್ ಮನೆಗಳ ಮಕ್ಕಳಿಗೂ ಇದೇ ಮಾತು ಸಲ್ಲುತ್ತದೆ. ತಾಯ್ನುಡಿ ಗಟ್ಟಿಯಾದರೆ ಶಾಲೆಯ ಕನ್ನಡವೂ ಸುಲಭವಾಗುತ್ತದೆ.

ಎರಡನೆಯ ಪಾಠ: ವಿಂಗಡಿಸಲು ಬಿಡಿ

ಕಾಫಿ ಕುಯ್ಲಿನ ದಿನಗಳಲ್ಲಿ ಒಂದು ಹಿಡಿ ಹಣ್ಣನ್ನು ಮಗುವಿನ ಮುಂದಿಡಿ. ಹಸಿರು, ಹಳದಿ, ಕೆಂಪು ಎಂದು ಬೇರೆಮಾಡಲಿ. ಅದು ಮುಗಿದೊಡನೆ, "ಬಣ್ಣ ಬಿಟ್ಟು ಬೇರೆ ಹೇಗೆ ವಿಂಗಡಿಸುತ್ತೀಯ?" ಎಂದು ಕೇಳಿ. ದೊಡ್ಡದು ಚಿಕ್ಕದು, ಗಟ್ಟಿ ಮೆತ್ತಗೆ ಎಂದು ಮಗುವೇ ಹೊಸ ದಾರಿ ಹುಡುಕುತ್ತದೆ. ಒಂದೇ ವಸ್ತುವನ್ನು ಹಲವು ಬಗೆಯಿಂದ ನೋಡುವುದೇ ಯೋಚನೆಯ ಮೊದಲ ಮೆಟ್ಟಿಲು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಗೆ ಮಾತ್ರ ಕಾಳು, ಬೀಜ ಕೊಡಬೇಡಿ. ಬಾಯಿಗೋ ಮೂಗಿಗೋ ಹಾಕಿಕೊಂಡಾವು.

ಮೂರನೆಯ ಪಾಠ: ಏಕೆಂದು ಹುಡುಕಲು ಬಿಡಿ

ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆಯುವಾಗ ಮಗುವನ್ನು ಹತ್ತಿರ ಕೂರಿಸಿಕೊಳ್ಳಿ.

"ಅಪ್ಪ, ಇದು ಯಾಕೆ ತೇಲ್ತದೆ?"

"ನಿನಗೆ ಏನನ್ನಿಸ್ತದೆ ಮಗ?"

"ಇದು ಚಿಕ್ಕದು, ಅದಕ್ಕೆ."

"ಹಾಗಾದರೆ ಮುಳುಗಿದ್ದರಲ್ಲಿ ಚಿಕ್ಕದು ಇಲ್ಲವಾ? ನೋಡು."

"ಇದೆ! ಚಿಕ್ಕದೂ ಮುಳುಗಿದೆ."

"ಸರಿ, ಎರಡನ್ನೂ ಸುಲಿದು ನೋಡೋಣ."

ತೇಲಿದ್ದರೊಳಗೆ ಅಕ್ಕಿ ತುಂಬಿಲ್ಲವೆಂದು ಮಗು ತಾನೇ ಕಾಣುತ್ತದೆ. ಒಂದು ಊಹೆ ಮಾಡಿತು, ಪರೀಕ್ಷಿಸಿತು, ತಪ್ಪನ್ನು ಬಿಟ್ಟು ನಿಜವನ್ನು ಹಿಡಿಯಿತು. ಅರೇಬಿಕಾ ಗಿಡ ಹಳದಿಯಾದಾಗ ತಾವು ಮಾಡುವುದೂ ಇದೇ ಅಲ್ಲವೇ? ನೀರು ನಿಂತಿದೆಯೇ, ಬೇರು ಕೊಳೆತಿದೆಯೇ, ಕಾಂಡದ ಮೇಲೆ ಬಿಳಿ ಕಾಂಡಕೊರಕದ ಉಬ್ಬು ಗೆರೆಗಳಿವೆಯೇ ಎಂದು ಒಂದೊಂದಾಗಿ ನೋಡುತ್ತೀರಿ. ಆ ವಿದ್ಯೆಯನ್ನೇ ಮಗುವಿಗೆ ದಾಟಿಸಿ. ಉತ್ತರ ತಿಳಿಯದಿದ್ದರೆ "ನನಗೂ ಗೊತ್ತಿಲ್ಲ, ವಿಚಾರಿಸೋಣ" ಎನ್ನಲು ಸಂಕೋಚ ಬೇಡ.

ಬೇರೆ ಕಡೆ ಏನಾಯಿತು?

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಕೆಲವು ಉಪಾಧ್ಯಾಯರು "ನಲಿ ಕಲಿ" ಎಂಬ ಕ್ರಮವನ್ನು ಆರಂಭಿಸಿದರು. ಮಕ್ಕಳು ಕಾರ್ಡು, ಆಟ, ಹಾಡು, ಗುಂಪು ಕೆಲಸಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯತೊಡಗಿದರು. ಮುಂದೆ ಅದು ರಾಜ್ಯದ ಇತರ ಸರ್ಕಾರಿ ಕನ್ನಡ ಶಾಲೆಗಳಿಗೂ ಹರಡಿತು. ಅದಕ್ಕೂ ಬಹಳ ಹಿಂದೆಯೇ, ಘಟ್ಟದ ಕೆಳಗಿನ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಮಕ್ಕಳ "ಏಕೆ, ಹೇಗೆ" ಎಂಬ ಪ್ರಶ್ನೆಗಳಿಗೆಂದೇ "ಬಾಲ ಪ್ರಪಂಚ" ಎಂಬ ವಿಶ್ವಕೋಶವನ್ನು ರಚಿಸಿದ್ದರು.

ಓದು ಬಾರದ ಪೋಷಕರೂ ಹಿಂಜರಿಯಬೇಕಾಗಿಲ್ಲ. ಕಥೆ, ಒಗಟು, ಗಾದೆಗಳಿಗೆ ಅಕ್ಷರ ಬೇಡ. ಅಜ್ಜಿಯ ಬಾಯಿ ಸಾಕು. ಶಾಲೆಗೆ ಹೋಗುವ ಅಕ್ಕ ಅಣ್ಣಂದಿರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಹೆಸರು ಬರೆಸಿ. ಅವರು ತಂದ ಪುಸ್ತಕವನ್ನು ಚಿಕ್ಕವರಿಗೆ ಓದಿ ಹೇಳಲಿ. ಮಗು ಅತ್ತಾಗ ಮೊಬೈಲು ಕೈಗಿಡುವ ಅಭ್ಯಾಸವನ್ನು ಬಿಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಮೊಬೈಲು ಮಾತಾಡುತ್ತದೆ, ಆದರೆ ಮಗುವಿನ ಮಾತಿಗೆ ಕಿವಿಗೊಡುವುದಿಲ್ಲ.

ಈ ತಿಂಗಳ ಅಭ್ಯಾಸ

1. ದಿನಕ್ಕೆ ಮೂರು ಹೊಸ ಮಾತು ಕಲಿಸಿ. ಮಾರನೆಯ ದಿನ ಅವನ್ನು ಮತ್ತೆ ಬಳಸಿ.

2. ರಾತ್ರಿ ಊಟದ ಹೊತ್ತಿನಲ್ಲಿ, "ಇವತ್ತು ಏನು ನೋಡಿದೆ? ಮೊದಲು ಏನಾಯಿತು? ಆಮೇಲೆ?" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ.

3. ಸಂತೆಗೋ ಆಸ್ಪತ್ರೆಗೋ ಸಕಲೇಶಪುರದ ಕಡೆ ಹೋದಾಗ ಮಂಜರಾಬಾದ್ ಕೋಟೆಯನ್ನು ತೋರಿಸಿ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರದಾಕಾರದ ಕೋಟೆಯಿದು. ಮಗು ಮೂಲೆಗಳನ್ನು ಎಣಿಸಲಿ. "ಗುಡ್ಡದ ಮೇಲೆಯೇ ಏಕೆ ಕಟ್ಟಿದರು?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ.

ಇದಕ್ಕೆ ದುಡ್ಡು ಬೇಡ, ಸಾಲ ಬೇಡ. ದಿನಕ್ಕೆ ಅರ್ಧ ಗಂಟೆಯ ಬಿಡುವು ಮತ್ತು ತಾಳ್ಮೆ ಸಾಕು. ಮಡಿಯಲ್ಲಿ ಪಟ್ಟ ಆರೈಕೆಯ ಫಲ ಕಣದಲ್ಲಿ ಕಂಡೇ ಕಾಣುತ್ತದೆ.