ಸುದ್ದಿ ಒಂದೇ, ಕಿವಿ ಬೇರೆ

ಬಸುರಿ ಅಕ್ಕ ಊರಿಂದ ಬರೆದಿದ್ದಳು: “ಖಿನ್ನತೆಯ ಮಾತ್ರೆ ಮಗುವಿನ ಮಿದುಳಿಗೂ ತಲುಪುತ್ತದಂತೆ, ಬಿಟ್ಟುಬಿಡಲೇನೋ?”

ಕೀಲ್ಪಾಕಿನಲ್ಲಿ ವೈದ್ಯಕೀಯ ಓದುತ್ತಿರುವ ನಾನು ಪುಸ್ತಕ ಬಿಚ್ಚಿದೆ. ಆ ಮಾತ್ರೆ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಬೆಳೆಯುವ ಕೋಶಕ್ಕೆ ಅದೊಂದು ಸುದ್ದಿ.

1984ರಲ್ಲಿ ಅಮೆರಿಕದ ಹೇಡನ್, ಮೆಕಾಬ್, ಕೇಟರ್ ಎಂಬುವರು ಬಸವನಹುಳುವಿನ ನರಕೋಶಗಳಿಗೆ ಅದನ್ನು ಸೋಕಿಸಿದರು. ಒಂದು ಕೋಶದ ಎಳೆ ನಿಂತಲ್ಲೇ ನಿಂತಿತು. ಇನ್ನೊಂದರದು ಏನೂ ಆಗದಂತೆ ಬೆಳೆಯಿತು. ಸುದ್ದಿ ಒಂದೇ, ಕೇಳುವ ಕಿವಿ ಬೇರೆ. ಆ ಕಿವಿಯೇ ಗ್ರಾಹಕ. ಇಲಿಯ ಕೋಶಗಳಲ್ಲಿ ಏಳನೆಯ ಬಗೆಯ ಗ್ರಾಹಕ ಎಳೆಯನ್ನು ಉದ್ದವೇ ಮಾಡುತ್ತದೆ.

ಆದರೆ ಹುಳು ಮಗುವಲ್ಲ; ಮದ್ದಿಲ್ಲದ ಖಿನ್ನತೆಯೂ ತಾಯಿ-ಮಗುವಿಗೆ ಕೇಡೇ. “ನೀನಾಗೇ ಬಿಡಬೇಡ ಕಣೇ, ಡಾಕ್ಟರ ಹತ್ರ ಕೇಳು” ಅಂತ ಬರೆದೆ.