ಸಂಶೋಧನೆಗೆ ಹೊರಟ ತರುಣನಿಗೆ

ಕಿಬ್ಬನಹಳ್ಳಿ



ತಳಿವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಮುಂದಿನ ಸಂಶೋಧನೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೇ ನಿಲ್ಲುವುದೋ, ಚೆಕ್ ದೇಶದ ಬ್ರನೋ ನಗರದ ಮಸಾರಿಕ್ ವಿಶ್ವವಿದ್ಯಾನಿಲಯಕ್ಕೆ ಹೋಗುವುದೋ ಎಂದು ಕೇಳಿರುವ ನೀನು, ವಿಶ್ವವಿದ್ಯಾನಿಲಯಗಳ ದರ್ಜೆಯ ಪಟ್ಟಿಯೊಂದನ್ನೂ ಕಾಗದದ ಜೊತೆ ಕಳುಹಿಸಿರುವೆ. ಅದರಿಂದ ಸಂಸ್ಥೆಯ ಕೀರ್ತಿ ತಿಳಿಯಬಹುದೇ ಹೊರತು ಶಕ್ತಿ ತಿಳಿಯದು. ಒಬ್ಬನ ಆಯುಷ್ಯದಲ್ಲಿ ಮುಗಿಯದ ಪ್ರಶ್ನೆಯನ್ನು ಕೈಬಿಡದೆ, ಅದುವರೆಗಿನ ದಾಖಲೆಗಳೊಡನೆ ಮುಂದಿನವನಿಗೆ ಒಪ್ಪಿಸುವ ಪದ್ಧತಿ ಎಲ್ಲಿದೆಯೋ ಅಲ್ಲಿಯೇ ಸಂಶೋಧನೆಯ ಬಲವಿದೆಯೆಂಬುದು ನನ್ನ ಎಣಿಕೆ.

ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಬೆಳೆಸಿ ಮೆಂಡೆಲನು 1866ರಲ್ಲಿ ಪ್ರಕಟಿಸಿದ ಆನುವಂಶಿಕತೆಯ ನಿಯಮಗಳಿಗೆ ಮನ್ನಣೆ ದೊರೆತದ್ದು, ಅವನು ಗತಿಸಿದ ಮೇಲೆ, 1900ರಲ್ಲಿ. 1919ರಲ್ಲಿ ಸ್ಥಾಪಿತವಾದ ಮಸಾರಿಕ್ ವಿಶ್ವವಿದ್ಯಾನಿಲಯವು ಇಂದು ಅವನ ಹೆಸರಿನ ವಸ್ತುಸಂಗ್ರಹಾಲಯವನ್ನು ನಡೆಸುತ್ತಿರುವುದಲ್ಲದೆ ಜೀವವಿಜ್ಞಾನದಲ್ಲಿಯೂ ಹೆಸರುವಾಸಿಯಾಗಿದೆ. ಬಟಾಣಿಯಾದರೋ ಒಂದೇ ಋತುವಿನಲ್ಲಿ ಫಲ ತೋರುವ ಗಿಡ, ತೆಂಗು ಹಾಗಲ್ಲ. ಕಾಸರಗೋಡಿನಲ್ಲಿ 1916ರಲ್ಲಿಯೇ ತೆಂಗಿನ ಸಂಶೋಧನಾ ಕೇಂದ್ರ ತೆರೆಯಿತು; ನೆರೆಯ ನೀಲೇಶ್ವರದಲ್ಲಿ 1932ರಲ್ಲಿ ಜೆ. ಎಸ್. ಪಟೇಲರು ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿದರು. ಅಂತಹ ಸಂಕರದ ಗುಣಾವಗುಣವನ್ನು ನಿರ್ಣಯಿಸಬೇಕಾದರೆ, ಸಸಿ ನೆಟ್ಟು, ಹೊಂಬಾಳೆ ಒಡೆಯುವವರೆಗೆ ಕಾದು, ಆಮೇಲೆ ಹಲವು ವರ್ಷ ಮರಮರದ ಕಾಯಿಯನ್ನು ಎಣಿಸಿ ಬರೆದಿಡಬೇಕು; ಆ ಲೆಕ್ಕ ಒಬ್ಬನ ಕೈಯಿಂದ ಮುಂದಿನವನ ಕೈಗೆ ಸಾಗಬೇಕು.

1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹಿರಿಮೆಯನ್ನೂ ಹೀಗೆಯೇ ಅಳೆಯತಕ್ಕದ್ದು. ಬಹು ಸಣ್ಣದಾದ ರಾಗಿಯ ಹೂವಿನಲ್ಲಿ ಪರಾಗಸ್ಪರ್ಶದ ತೊಡಕನ್ನು ಗೆದ್ದು, ಆಫ್ರಿಕದ ರಾಗಿಯನ್ನು ನಮ್ಮದರೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ತರುವಾಯ ಆ ಕಾರ್ಯ ನಿಲ್ಲಲಿಲ್ಲ. ಬೆಂಕಿರೋಗವನ್ನು ತಡೆಯುವ ಜಿಪಿಯು 28 ಎಂಬ ರಾಗಿ ತಳಿ ಮುಂದಿನವರ ಕೈಯಿಂದ ಬಂದು ಇಂದು ನಮ್ಮ ಹೊಲಗಳಲ್ಲಿದೆ.

ಇನ್ನು ನಮ್ಮೂರಿನ ಪ್ರಶ್ನೆಯೊಂದಿದೆ. ಅಟ್ಟದ ಮೇಲೆ ಹತ್ತುಹನ್ನೆರಡು ತಿಂಗಳು ಇಟ್ಟ ತೆಂಗಿನಕಾಯಿಯಲ್ಲಿ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಲೊಡಲೊಡ ಸದ್ದಾದಾಗ ಉಂಡೆ ಕೊಬ್ಬರಿ ಆಯಿತೆಂದು ತಿಳಿದು ಸುಲಿದು ತಿಪಟೂರಿನ ಮಾರುಕಟ್ಟೆಗೆ ಕಳಿಸುತ್ತೇವೆ. ಆದರೆ ಒಂದೇ ಅಟ್ಟದಲ್ಲಿ, ಒಂದೇ ಹೊಗೆಯಲ್ಲಿದ್ದ ಕಾಯಿಗಳಲ್ಲಿ ಕೆಲವು ಬಿಳುಪಾದ ಗಟ್ಟಿ ಉಂಡೆಯಾಗುವುದೂ ಕೆಲವು ಕೊಳೆತು ಹೋಗುವುದೂ ಉಂಟು. ಇದರಲ್ಲಿ ಮರದ ವಂಶಗುಣವೆಷ್ಟು, ಮಣ್ಣು ಮಳೆಗಳ ಪಾತ್ರವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡತಕ್ಕ ವಿದ್ಯೆಯೇ ನಿನ್ನದು. ಈ ಪ್ರಶ್ನೆಯನ್ನು ಜೊತೆಯಲ್ಲಿ ಕೊಂಡೊಯ್ಯುವುದಾದರೆ ಬ್ರನೋ ನಗರಕ್ಕೆ ಸಂತೋಷದಿಂದ ಹೋಗು. ಬರಿಗೈಯಲ್ಲಿ ಹೋದರೆ ಅನ್ಯರ ಪ್ರಶ್ನೆಗೆ ಕೈಯಾಳಾಗಿ ಹಿಂದಿರುಗುವೆ. ಹೊರಡುವ ಮುನ್ನ ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನೂ ಅರಸೀಕೆರೆಯ ತೆಂಗಿನ ಸಂಶೋಧಕರನ್ನೂ ಕಂಡು, ಈ ವಿಷಯದಲ್ಲಿ ಏನೇನು ನಡೆದಿದೆಯೆಂದು ವಿಚಾರಿಸಿಕೊ.

ತರುವಾಯ ಎರಡೂ ಕಡೆಯ ಆಚಾರ್ಯರಿಗೆ ಒಂದೇ ಮಾತು ಬರೆದು ಕೇಳು: ತಮ್ಮ ಹಿಂದಿನವರು ಬಿಟ್ಟುಹೋದ ಯಾವ ಕೆಲಸವನ್ನು ತಾವು ಮುಂದುವರಿಸುತ್ತಿದ್ದೀರಿ? ಇದಕ್ಕೆ ತಡವರಿಸದೆ ಉತ್ತರ ಕೊಡುವವರ ಬಳಿ ಶಿಷ್ಯನಾಗಿ ಸೇರು.

ಇತಿ,
ನಿನ್ನ ಹಿತೈಷಿ