48 ಗಂಟೆಯಲ್ಲೊಂದು ಗೇಮ್: ಜ್ಯಾಮ್‌ಗೆ ಇಳಿಯುವವರಿಗೆ ಕೈಪಿಡಿ

ಗೇಮ್ ಮಾಡಬೇಕೆಂದು ಸಾಫ್ಟ್‌ವೇರ್ ಕಲಿಯುವವರು ಬಹಳ ಮಂದಿ, ಮಾಡಿ ಮುಗಿಸುವವರು ಕಡಿಮೆ. ಮುಗಿಸಿದ್ದನ್ನು ಗುರುತಿಲ್ಲದ ನಾಲ್ಕು ಜನರ ಕೈಗಿಟ್ಟು, ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವವರು ಇನ್ನೂ ಕಡಿಮೆ. ಈ ಎರಡನ್ನೂ ಮಾಡಿಸುವ ಕೂಟವೇ ಗೇಮ್ ಜ್ಯಾಮ್. ಒಂದು ಥೀಮ್ ಕೊಟ್ಟು ಗಡುವು ಇಡುತ್ತಾರೆ. ಗಡುವು ಮುಗಿದ ಮೇಲೆ, ಹೆಚ್ಚಿನ ಆನ್‌ಲೈನ್ ಜ್ಯಾಮ್‌ಗಳಲ್ಲಿ, ಭಾಗವಹಿಸಿದವರೇ ಒಬ್ಬರ ಆಟವನ್ನೊಬ್ಬರು ಆಡಿ ಅಂಕ, ಅಭಿಪ್ರಾಯ ಕೊಡುತ್ತಾರೆ. ಆ ಅಭಿಪ್ರಾಯವೇ ಇಲ್ಲಿನ ನಿಜವಾದ ಗಳಿಕೆ. ಅದು ಹೆಚ್ಚು ಸಿಗಬೇಕಾದರೆ ಮೊದಲ ಗಂಟೆಯಿಂದಲೇ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಬೇಕು.

ಹಂತ 1: ನಿಮಗೆ ಹೊಂದುವ ಜ್ಯಾಮ್ ಆರಿಸಿ

2002ರಲ್ಲಿ ಆರಂಭವಾದ ಲುಡುಮ್ ಡೇರ್‌ನಲ್ಲಿ ಎರಡು ಮುಖ್ಯ ವಿಭಾಗಗಳು. ‘ಕಾಂಪೊ’ದಲ್ಲಿ ಒಬ್ಬರೇ 48 ಗಂಟೆಯೊಳಗೆ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಹೊಸದಾಗಿ ಮಾಡಬೇಕು, ಸೋರ್ಸ್ ಕೋಡ್ ಕೂಡ ಕೊಡಬೇಕು. ‘ಜ್ಯಾಮ್’ ವಿಭಾಗಕ್ಕೆ 72 ಗಂಟೆ, ತಂಡಕ್ಕೂ ಅವಕಾಶ. 2009ರಲ್ಲಿ ಮೊದಲ ಬಾರಿ ನಡೆದ ಗ್ಲೋಬಲ್ ಗೇಮ್ ಜ್ಯಾಮ್ ಜನವರಿ ಕೊನೆಯ ಹೊತ್ತಿಗೆ ಬರುತ್ತದೆ. ಊರೂರಿನ ಕೇಂದ್ರಗಳಲ್ಲಿ ಜನ ಒಟ್ಟಿಗೆ ಕೂತು ಆಟ ಕಟ್ಟುತ್ತಾರೆ. ಬೆಂಗಳೂರಿನಲ್ಲೂ ಇಂಥ ಕೇಂದ್ರಗಳು ನಡೆದಿವೆ. ಪಕ್ಕದಲ್ಲೊಬ್ಬರು ಇದ್ದರೆ ಧೈರ್ಯ ಎನ್ನುವವರಿಗೆ ಇದು ಸರಿ. ಇಚ್ ಡಾಟ್ ಐಒ ತಾಣದಲ್ಲಿ ನಡೆಯುವ ಜಿಎಂಟಿಕೆ ಜ್ಯಾಮ್ (2017ರಿಂದ) ಬಹಳ ದೊಡ್ಡದು. ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಜೆಎಸ್‌13ಕೆ ಇದೆ: ತಿಂಗಳ ಕಾಲಾವಕಾಶ, ಆದರೆ ಜಿಪ್ ಮಾಡಿದ ಇಡೀ ಆಟ 13 ಕಿಲೋಬೈಟ್ ಮೀರಬಾರದು.

ನಿಯಮಗಳಲ್ಲಿ ಮೂರನ್ನು ಮೊದಲೇ ಓದಿ: ಸಿದ್ಧ ಚಿತ್ರ-ಸದ್ದು ಬಳಸಬಹುದೇ, ಎಐ ಬಳಕೆಗೆ ಒಪ್ಪಿಗೆ ಇದೆಯೇ, ಗಡುವು ಯಾವ ದೇಶದ ಸಮಯದಲ್ಲಿದೆ. ಸಮಯವನ್ನು ಯುಟಿಸಿಯಲ್ಲಿ ಕೊಟ್ಟಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಹಂತ 2: ಹಿಂದಿನ ವಾರವೇ ಸಾಮಾನು ಜೋಡಿಸಿ

ಜ್ಯಾಮ್ ದಿನ ಹೊಸ ಎಂಜಿನ್ ಕಲಿಯಲು ಹೋಗಬೇಡಿ. ಕೋಡ್ ಬರೆಯಬಲ್ಲವರಿಗೆ ಗೊಡಾಟ್ ಉಚಿತ, ಓಪನ್ ಸೋರ್ಸ್, ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುವಷ್ಟು ಹಗುರ. ಕೋಡ್ ಬಾರದವರು ಟ್ವೈನ್‌ನಲ್ಲಿ ಕಥೆಯಾಟ, ಬಿಟ್ಸಿಯಲ್ಲಿ ಓಡಾಡುವ ಪುಟ್ಟ ಆಟ, ಸ್ಕ್ರ್ಯಾಚ್‌ನಲ್ಲಿ ಸರಳ ಆಟ ಮಾಡಬಹುದು. ಚಿತ್ರಕ್ಕೆ ಪಿಸ್ಕೆಲ್ ಅಥವಾ ಕ್ರಿಟಾ ಸಾಕು. ಸದ್ದಿಗೆ ಎಸ್‌ಎಫ್‌ಎಕ್ಸ್‌ಆರ್ ಇದೆ. 2007ರ ಲುಡುಮ್ ಡೇರ್ ಒಂದಕ್ಕಾಗಿಯೇ, ಸದ್ದು ಮಾಡಲು ಬಾರದವರಿಗೆ ನೆರವಾಗಲೆಂದು ಹುಟ್ಟಿದ ಉಪಕರಣವಿದು. ಬಟನ್ ಒತ್ತಿದರೆ ಜಿಗಿತ, ಗುಂಡು, ನಾಣ್ಯದ ಸದ್ದು ಸಿದ್ಧ. ಸಿದ್ಧ ಚಿತ್ರಗಳಿಗೆ ಒಪ್ಪಿಗೆ ಇದ್ದರೆ ಕೆನ್ನಿ ತಾಣದಲ್ಲಿ ಸಿಸಿ0 ಪರವಾನಗಿಯ, ಅಂದರೆ ಯಾರು ಬೇಕಾದರೂ ಮುಕ್ತವಾಗಿ ಬಳಸಬಹುದಾದ ಚಿತ್ರಗಳು ಸಿಗುತ್ತವೆ.

ಖಾಲಿ ಪರದೆಯ ಮೇಲೆ ಒಂದು ಚೌಕ ಓಡಾಡುವ ಪ್ರಾಜೆಕ್ಟ್ ಮಾಡಿ, ಅದನ್ನು ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಿ, ಇಚ್‌ನಲ್ಲಿ ಏರಿಸಿ, ಫೋನ್‌ನಿಂದ ತೆರೆದು ನೋಡಿ. ಕೊನೆಯ ಗಂಟೆಯ ಗಾಬರಿಯಲ್ಲಿ ಅರ್ಧ ಇಲ್ಲೇ ಕಳೆಯುತ್ತದೆ.

ಆಟದಲ್ಲಿ ಕನ್ನಡ ಅಕ್ಷರ ಬೇಕೆನ್ನುವವರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಬೇಕು. ಗೊಡಾಟ್‌ನ ಮೂರನೇ ಆವೃತ್ತಿಯಲ್ಲಿ ಒತ್ತಕ್ಷರಗಳು ಒಡೆದು ಸಾಲಾಗಿ ನಿಲ್ಲುತ್ತಿದ್ದವು. ನಾಲ್ಕನೇ ಆವೃತ್ತಿ ಅವನ್ನು ಸರಿಯಾಗಿ ಜೋಡಿಸುತ್ತದೆ. ಆದರೆ ವೆಬ್ ಆಟಕ್ಕೆ ಕಂಪ್ಯೂಟರಿನ ಫಾಂಟ್ ಸಿಗುವುದಿಲ್ಲ. ‘ನೋಟೊ ಸಾನ್ಸ್ ಕನ್ನಡ’ ಅಥವಾ ‘ಬಲೂ ತಮ್ಮ’ದಂಥ ಮುಕ್ತ ಫಾಂಟನ್ನು ಆಟದೊಳಗೇ ಸೇರಿಸಿ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂದು ಬರೆದು ನೋಡಿದರೆ ಸಾಕು, ತೊಂದರೆ ಇದ್ದರೆ ಅಲ್ಲೇ ಕಾಣುತ್ತದೆ. ಅಂಕ ಕೊಡುವವರು ಹೊರದೇಶದವರೂ ಇರುವುದರಿಂದ ಇಂಗ್ಲಿಷ್ ಸಾಲೂ ಜೊತೆಗಿರಲಿ.

ಹಂತ 3: ಒಂದೇ ಕ್ರಿಯೆಯ ಆಟ ಯೋಚಿಸಿ

ಥೀಮ್ ಬಂದ ಕೂಡಲೇ ಹೊಳೆಯುವ ಕಲ್ಪನೆ ಉಳಿದವರಿಗೂ ಹೊಳೆದಿರುತ್ತದೆ. ಹತ್ತು ಬರೆದು ಎಂಟನ್ನು ಹೊಡೆದುಹಾಕಿ. 2013ರ ಡಿಸೆಂಬರ್‌ನ ಲುಡುಮ್ ಡೇರ್‌ಗೆ ಕೊಟ್ಟ ಥೀಮ್ ‘ನಿನಗೆ ಸಿಗುವುದು ಒಂದೇ’. ಟೈಟನ್ ಸೋಲ್ಸ್ ತಂಡ ಅದನ್ನೇ ಆಟದ ನಿಯಮ ಮಾಡಿಕೊಂಡಿತು: ನಾಯಕನಿಗೆ ಒಂದೇ ಬಾಣ, ಒಂದು ಏಟು ಬಿದ್ದರೆ ಸಾವು, ದೈತ್ಯನಿಗೂ ಅಷ್ಟೇ. ಅದೇ ವರ್ಷ ಏಳು ದಿನದ ಜ್ಯಾಮ್ ಒಂದರಲ್ಲಿ ಹುಟ್ಟಿದ ಸೂಪರ್‌ಹಾಟ್‌ನಲ್ಲಿ ನೀವು ಅಲುಗಿದರೆ ಮಾತ್ರ ಕಾಲ ಓಡುತ್ತದೆ. 2017ರ ನಾರ್ಡಿಕ್ ಗೇಮ್ ಜ್ಯಾಮ್‌ನಲ್ಲಿ ಹುಟ್ಟಿದ ಬಾಬಾ ಈಸ್ ಯೂ ಆಟದಲ್ಲಿ ನಿಯಮಗಳೇ ತಳ್ಳಬಹುದಾದ ಪದಗಳ ಚೌಕಗಳು. ಮೂರನ್ನೂ ಒಂದೊಂದು ವಾಕ್ಯದಲ್ಲಿ ಹೇಳಬಹುದು. ನಿಮ್ಮದನ್ನು ಹಾಗೆ ಹೇಳಲಾಗದಿದ್ದರೆ ಇನ್ನೂ ಕತ್ತರಿಸಿ.

ಐದು ನಿಮಿಷದಲ್ಲಿ ಆಡಿ ಮುಗಿಸುವಂತಿರಲಿ. ಎದುರಿಗೆ ನೂರಾರು ಆಟಗಳಿರುವಾಗ ಒಂದಕ್ಕೆ ಯಾರೂ ಅರ್ಧ ಗಂಟೆ ಕೊಡುವುದಿಲ್ಲ. ಎರಡನೇ ನಿಮಿಷಕ್ಕೆ ಬರುವ ಸ್ವಾರಸ್ಯವನ್ನು ಅನೇಕರು ನೋಡದೇ ಹೋಗುತ್ತಾರೆ.

ಹಂತ 4: ಗಂಟೆಗಳನ್ನು ಹಂಚಿ

48 ಗಂಟೆಯ ಜ್ಯಾಮ್‌ಗೆ ಒಂದು ಅಂದಾಜು ಹೀಗಿದೆ:

• 0–4: ಕಲ್ಪನೆ, ಕಾಗದದ ಮೇಲೆ ನಕ್ಷೆ.
• 4–12: ಬರೀ ಚೌಕ, ವೃತ್ತಗಳಲ್ಲಿ ಆಡುವಂಥ ಆಟ. ಇಲ್ಲಿ ಮಜಾ ಬರದಿದ್ದರೆ ಚಿತ್ರ ಹಾಕಿದರೂ ಬರುವುದಿಲ್ಲ. ಕಲ್ಪನೆ ಬದಲಿಸಲು ಇದೇ ಕೊನೆಯ ಅವಕಾಶ.
• 12–20: ನಿದ್ದೆ, ಊಟ.
• 20–34: ಹಂತಗಳು, ಚಿತ್ರ, ಸದ್ದು, ಆರಂಭ ಮತ್ತು ಮುಕ್ತಾಯದ ಪರದೆ.
• 34–40: ಮತ್ತೆ ನಿದ್ದೆ.
• 40–45: ಬೇರೆಯವರಿಂದ ಆಡಿಸುವುದು, ದೋಷ ತಿದ್ದುವುದು.
• 45–48: ಎಕ್ಸ್‌ಪೋರ್ಟ್, ಅಪ್‌ಲೋಡ್. ಈ ಮೂರು ಗಂಟೆ ಹೊಸದೇನನ್ನೂ ಸೇರಿಸುವಂತಿಲ್ಲ.

ಕೆಲಸವನ್ನು ಗಿಟ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಆಗಾಗ ಉಳಿಸಿಕೊಳ್ಳಿ. ಕರೆಂಟು ನಿಮ್ಮ ಗಡುವು ನೋಡಿ ಹೋಗುವುದಿಲ್ಲ.

ಆಡಿಸುವಾಗ ಮನೆಯವರೋ ಗೆಳೆಯರೋ ಯಾರಾದರೂ ಆದೀತು, ಆದರೆ ನೀವು ಬಾಯಿ ಬಿಡಬಾರದು. ‘ಅಲ್ಲಿ ಒತ್ತು’ ಎಂದು ಹೇಳಬೇಕೆನಿಸಿದ ಜಾಗವನ್ನೆಲ್ಲ ಬರೆದುಕೊಳ್ಳಿ. ತಿದ್ದಬೇಕಾದ ಪಟ್ಟಿ ಅದೇ.

ಹಂತ 5: ಆಡುವವರಿಗೆ ದಾರಿ ಸುಲಭ ಮಾಡಿ

ಸಾಧ್ಯವಾದಷ್ಟೂ ಬ್ರೌಸರ್‌ನಲ್ಲೇ ಆಡುವಂತಿರಲಿ. ಗುರುತಿಲ್ಲದವರ ಫೈಲ್ ಇಳಿಸಿಕೊಳ್ಳಲು ಜನ ಹಿಂಜರಿಯುತ್ತಾರೆ. ಇಚ್‌ಗೆ ಏರಿಸುವ ಜಿಪ್‌ನಲ್ಲಿ ‘ಇಂಡೆಕ್ಸ್’ ಹೆಸರಿನ ಎಚ್‌ಟಿಎಂಎಲ್ ಫೈಲ್ ಇರಲೇಬೇಕು. ಒಂದು ಕ್ಲಿಕ್ ಆಗುವ ತನಕ ಬ್ರೌಸರ್‌ಗಳು ಸದ್ದು ಹೊರಡಿಸುವುದಿಲ್ಲ, ಆದ್ದರಿಂದ ‘ಆರಂಭಿಸಿ’ ಬಟನ್ ಇಡಿ. ಪುಟದಲ್ಲಿ ಕೀಲಿಗಳ ವಿವರ, ಒಂದು ಸ್ಕ್ರೀನ್‌ಶಾಟ್, ಬಳಸಿದ ಚಿತ್ರ-ಸದ್ದುಗಳ ಮೂಲ ಹಾಕಿ.

ಹಂತ 6: ಮೊದಲು ನೀವು ಆಡಿ, ಬರೆಯಿರಿ

ಹಳ್ಳಿಯಲ್ಲಿ ನಾಟಿಗೆ ಮುಯ್ಯಾಳು ಹೋಗುವಂತೆ ಇಲ್ಲೂ ನೀವು ಹೋದರೆ ಅವರು ಬರುತ್ತಾರೆ. ಲೆಕ್ಕಾಚಾರವೂ ಹಾಗೇ ಇದೆ: ಲುಡುಮ್ ಡೇರ್‌ನಲ್ಲಿ ಅಂತಿಮ ಅಂಕ ಸಿಗಲು ಸುಮಾರು 20 ಜನರ ಅಂಕವಾದರೂ ಬೇಕು; ಇಚ್‌ನಲ್ಲಿ ತೀರಾ ಕಡಿಮೆ ಜನ ಅಂಕ ಕೊಟ್ಟ ಆಟದ ಸರಾಸರಿಯನ್ನು ತಗ್ಗಿಸುತ್ತಾರೆ.

‘ಸೂಪರ್, ನನ್ನದನ್ನೂ ಆಡಿ’ ಎಂದು ಅಂಟಿಸುತ್ತ ಹೋದರೆ ಪ್ರಯೋಜನವಿಲ್ಲ. ಒಳ್ಳೆಯ ಅಭಿಪ್ರಾಯದಲ್ಲಿ ನಾಲ್ಕು ಸಂಗತಿಗಳಿರುತ್ತವೆ: ಎಲ್ಲಿಯವರೆಗೆ ಆಡಿದಿರಿ, ಯಾವ ಕ್ಷಣ ಖುಷಿ ಕೊಟ್ಟಿತು, ಎಲ್ಲಿ ಏನಾಗುತ್ತದೆಂದುಕೊಂಡಿರಿ ಮತ್ತು ಏನಾಯಿತು, ಯಾವ ಬ್ರೌಸರ್ ಅಥವಾ ಫೋನ್. ‘ಮೂರನೇ ಹಂತದಲ್ಲಿ ಬಾಗಿಲು ತೆರೆದದ್ದು ಕಾಣಲಿಲ್ಲ, ಎರಡು ನಿಮಿಷ ಅಲೆದೆ’ ಎಂಬ ಮಾತು ‘ಬೋರ್’ ಎನ್ನುವುದಕ್ಕಿಂತ ಮಾಡಿದವರಿಗೆ ಹೆಚ್ಚು ಉಪಯೋಗ.

ಹಂತ 7: ದೂರನ್ನು ನಂಬಿ, ಪರಿಹಾರವನ್ನು ಪರೀಕ್ಷಿಸಿ

ನಿಮ್ಮ ಆಟಕ್ಕೆ ‘ಜಂಪ್ ಬಟನ್ ಕೆಲಸ ಮಾಡ್ತಿಲ್ಲ’ ಎಂಬ ದೂರು ಬಂತೆನ್ನಿ. ನೀವು ನೋಡಿದರೆ ಸರಿಯಾಗಿಯೇ ಇದೆ. ಆದರೂ ಆಟಗಾರ ಸುಳ್ಳು ಹೇಳುತ್ತಿಲ್ಲ: ಅಂಚು ದಾಟಿದ ಮರುಕ್ಷಣ ಬಟನ್ ಒತ್ತಿದ್ದಾನೆ, ಪಾತ್ರ ಆಗಲೇ ಗಾಳಿಯಲ್ಲಿದೆ. ಸೆಲೆಸ್ಟೆ ಆಟ ಇದಕ್ಕೆಂದೇ ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿಯಲು ಬಿಡುತ್ತದೆ. ಆಟಗಾರ ‘ಅಂಚು ಅಗಲ ಮಾಡಿ’ ಎಂದಿರಬಹುದು. ಬೇಕಾದದ್ದು ಈ ಸಣ್ಣ ರಿಯಾಯಿತಿ.

ಬಂದ ಅಭಿಪ್ರಾಯಗಳನ್ನು ಒಂದು ಹಾಳೆಯಲ್ಲಿ ಗುಂಪು ಮಾಡಿ. ಮೂವರು ಒಂದೇ ಜಾಗ ಹೆಸರಿಸಿದರೆ ಅದು ಆಟದ ದೋಷ. ಒಬ್ಬರೇ ಹೇಳಿದರೆ ಅವರ ರುಚಿ ಇರಬಹುದು. ‘ನಿಮಗೆ ಅರ್ಥವಾಗಲಿಲ್ಲ’ ಎಂದು ವಾದಕ್ಕಿಳಿಯಬೇಡಿ. ‘ಆಗ ಪರದೆಯ ಮೇಲೆ ಏನಿತ್ತು?’ ಎಂದು ಕೇಳಿ.

ಹಂತ 8: ಮುಂದುವರಿಸಬೇಕೇ?

ಅಂಕ ಕೊಡುವ ಅವಧಿ ಮುಗಿಯುವವರೆಗೆ ಜ್ಯಾಮ್‌ನ ಪ್ರತಿಯನ್ನು ಮುಟ್ಟಬೇಡಿ. ಆಟ ನಿಂತುಹೋಗುವಂಥ ದೋಷ ತಿದ್ದಲು ನಿಯಮ ಒಪ್ಪುತ್ತದೆಯೇ ನೋಡಿ. ಆಮೇಲಿನ ತೀರ್ಮಾನಕ್ಕೆ ಅಂಕಪಟ್ಟಿಯೊಂದೇ ಆಧಾರವಾಗಬಾರದು. ‘ಚೆನ್ನಾಗಿದೆ’ ಎಂದವರನ್ನು ಬಿಡಿ, ‘ಇನ್ನೆರಡು ಹಂತ ಇದ್ದಿದ್ದರೆ’ ಎಂದವರನ್ನು, ಎರಡನೇ ಸಲ ಆಡಿದವರನ್ನು ಎಣಿಸಿ. ಅಂಥವರು ಇದ್ದರೆ ಒಂದು ತಿಂಗಳು ಕೊಟ್ಟು ಬೆಳೆಸಿ, ಅದೇ ಜನರಿಗೆ ಮತ್ತೆ ತೋರಿಸಿ. ಇಲ್ಲದಿದ್ದರೆ ಹಾಳೆಯಲ್ಲಿ ಅತಿ ಹೆಚ್ಚು ಜನ ಹೇಳಿದ ಒಂದು ದೋಷವನ್ನು ಗುರುತಿಟ್ಟುಕೊಂಡು ಮುಂದಿನ ಜ್ಯಾಮ್‌ಗೆ ಹೆಸರು ಕೊಡಿ. ಆ ಒಂದು ದೋಷ ಮರುಕಳಿಸದಿದ್ದರೆ, ಈ ವಾರಾಂತ್ಯದ ದುಡಿಮೆ ದಕ್ಕಿದಂತೆಯೇ.